ಸ್ಥಾವರ ವಿಳಾಸ, ಜಂಗಮ ವಿಳಾಸ

ಹಾರನಹಳ್ಳಿಯ ಸೋಮೇಶ್ವರ ದೇವಾಲಯವು 13ನೆಯ ಶತಮಾನದಿಂದಲೂ ನಿಂತಲ್ಲೇ ನಿಂತಿದೆ. ಯಾತ್ರಿಕನಾದರೋ ಇಂದು ಒಂದು ಛತ್ರದಲ್ಲಿ, ನಾಳೆ ಇನ್ನೊಂದರಲ್ಲಿ ತಂಗುತ್ತಾನೆ. ಅಂತರ್ಜಾಲದಲ್ಲಿ ಯಂತ್ರಗಳನ್ನು ಗುರುತಿಸುವ ಐ.ಪಿ. ವಿಳಾಸಗಳಲ್ಲಿಯೂ ಹೀಗೆಯೇ ಸ್ಥಾವರ, ಜಂಗಮವೆಂಬ ಎರಡು ಬಗೆಗಳುಂಟು. ನಾಲ್ಕನೆಯ ಆವೃತ್ತಿಯ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಅವುಗಳ ಜಾಗತಿಕ ಉಗ್ರಾಣವು 2011ರಲ್ಲಿಯೇ ಬರಿದಾಯಿತು. ಆದುದರಿಂದ ಸೇವಾಸಂಸ್ಥೆಗಳು ಮನೆಗಳಿಗೆ ಸಾಮಾನ್ಯವಾಗಿ ಬದಲಾಗುವ ವಿಳಾಸವನ್ನೇ ಎರವಲು ಕೊಡುತ್ತವೆ. ಓದುವವನಿಗೆ, ಪತ್ರ ಬರೆಯುವವನಿಗೆ ಅಷ್ಟು ಸಾಕು. ಸ್ಥಿರವಿಳಾಸಕ್ಕೆ ಹೆಚ್ಚು ಹಣ ತೆರುವುದು ವ್ಯರ್ಥ. ಆದರೆ ತನ್ನ ಗ್ರಂಥಾಲಯದ ಪಟ್ಟಿಯನ್ನು ತನ್ನದೇ ಯಂತ್ರದಿಂದ ಲೋಕಕ್ಕೆ ಒದಗಿಸಬಯಸುವ ಕಾಲೇಜಿಗೆ ಸ್ಥಿರವಿಳಾಸವೇ ಲೇಸು. ವಿಳಾಸ ಬದಲಾಗುತ್ತಿದ್ದರೆ ಹುಡುಕಿ ಬಂದವರಿಗೆ ಬಾಗಿಲು ಸಿಗುವುದೆಂತು? ಹಳ್ಳಿಗಾಡಿನ ವಿದ್ಯಾರ್ಥಿಗಳಾದ ನಾವು ಎಂದೆಂದಿಗೂ ಬೇಡುವವರೇ ಆಗಿರದೆ ನೀಡುವವರೂ ಆಗಬೇಕೆಂಬುದು ನನ್ನ ಅಭಿಪ್ರಾಯ.