ಆಟಗಾರನ ಚಿತ್ರ ನಮ್ಮ ಕೈಯಿಂದಲೇ ಆಗಲಿ

ನಮ್ಮ ವಾಚನಾಲಯದ ಗೋಡೆಗಳನ್ನು ಒಮ್ಮೆ ನೋಡಿರಿ. ಕವಿಗಳ ಚಿತ್ರಗಳುಂಟು, ದೇಶನಾಯಕರ ಚಿತ್ರಗಳುಂಟು, ದಾನಿಗಳ ಚಿತ್ರಗಳಂತೂ ಸಾಲಾಗಿಯೇ ಉಂಟು. ಆದರೆ ಪಾಳಿ ಮುಗಿಸಿ ಬಂದ ದುಡಿಮೆಗಾರನು ಸಂಜೆಯ ಹೊತ್ತು ಯಾವ ಆಟವನ್ನು ಕಂಡು ದಣಿವು ಮರೆತನೋ, ಆ ಆಟವನ್ನು ಆಡಿದವರ ಒಂದು ಚಿತ್ರವೂ ಅಲ್ಲಿಲ್ಲ. ಈ ಕೊರತೆಯನ್ನು ತುಂಬಬೇಕೆಂಬ ಮಾತು ಈಗ ನಮ್ಮ ತರುಣರಿಂದಲೇ ಹೊರಟಿದೆ. ಸಂತೋಷದ ಸಂಗತಿ. ಯಾರ ಚಿತ್ರ, ಎಂಥ ಚಿತ್ರ ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ನಾವು ಯೋಚಿಸಿ ತೀರ್ಮಾನಿಸಬೇಕಾಗಿದೆ.

ಯಾರದೆಂಬ ಪ್ರಶ್ನೆಗೆ ನನ್ನ ಉತ್ತರ: ಬೆಂಗಳೂರಿನ ಅಹಮದ್ ಖಾನ್ ಅವರದು. ಇಂದಿನ ಹುಡುಗರು ಮೆಸ್ಸಿಯ ಅಂಗಿ ತೊಟ್ಟು ತಿರುಗುತ್ತಾರೆ, ಅದು ತಪ್ಪಲ್ಲ. ಆದರೆ ಮನೆಯ ದೀಪವನ್ನು ಕತ್ತಲಲ್ಲಿಟ್ಟು ಬೀದಿಯ ದೀಪಕ್ಕೆ ಕೈಮುಗಿಯುವುದು ಸರಿಯೇ? 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಹಮದ್ ಖಾನ್ ಅವರು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಆಡಿದರು. ಆ ತಂಡದ ಹೆಚ್ಚಿನವರು ಬರಿಗಾಲಿನಲ್ಲಿಯೇ ಆಡಿ, ಫ್ರಾನ್ಸಿನಂಥ ತಂಡಕ್ಕೆ 2–1ರಿಂದ ಮಾತ್ರ ಸೋತರು. ಆ ಒಂದು ಗೋಲು ಹೊಡೆದವರು ಕೂಡ ಬೆಂಗಳೂರಿನವರೇ, ಸಾರಂಗಪಾಣಿ ರಾಮನ್. 1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿಯೂ ಅಹಮದ್ ಇದ್ದರು.

ಇದಕ್ಕಿಂತ ನಮಗೆ ಹತ್ತಿರವಾದ ಸಂಗತಿ ಇನ್ನೊಂದಿದೆ. ಅವರು ಊರು ಬಿಟ್ಟು ಪರಊರಲ್ಲಿ ಬಾಳು ಕಟ್ಟಿಕೊಂಡವರು, ನಮ್ಮ ಹಾಗೆ. 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೆ, ಅಹಮದ್ – ಬಂಗಾಳದ ಹೊರಗಿನಿಂದ ಬಂದ ಈ ಐವರು ಮುನ್ನಡೆ ಆಟಗಾರರನ್ನು ಅಲ್ಲಿಯ ಜನ ‘ಪಂಚ ಪಾಂಡವ’ರೆಂದು ಕರೆದರು. ಅದೇ ವರ್ಷ ನಮ್ಮ ಮುಂಬಯಿಯ ರೋವರ್ಸ್ ಕಪ್ಪನ್ನೂ ಆ ತಂಡ ಗೆದ್ದುಕೊಂಡು ಹೋಯಿತು. ಅಹಮದ್ ಅವರು ತೀರಿಕೊಂಡದ್ದೂ ಕಲ್ಕತ್ತೆಯಲ್ಲಿಯೇ, 2017ರಲ್ಲಿ. ಹೋದ ಊರಿನವರು ತಮ್ಮವನೆಂದು ಅಪ್ಪಿಕೊಳ್ಳುವಂತೆ ದುಡಿದ ಮನುಷ್ಯನು ಹೊರನಾಡಿನ ಕನ್ನಡಿಗರ ಗೋಡೆಗೆ ಸಲ್ಲದಿದ್ದರೆ ಮತ್ತೆ ಯಾರು ಸಲ್ಲಬೇಕು?

ಇನ್ನು ಎಂಥ ಚಿತ್ರ? ಫೋಟೋ ಕೊಟ್ಟರೆ ಗಂಟೆಯೊಳಗೆ ಫ್ಲೆಕ್ಸ್ ಮಾಡಿಕೊಡುವ ಅಂಗಡಿ ಬೀದಿಗೊಂದಿದೆ, ಕೆಲಸ ಮುಗಿಯಿತಲ್ಲ, ಎನ್ನುವವರಿದ್ದಾರೆ. ನಿಜ, ಕೆಲಸ ಮುಗಿಯುತ್ತದೆ. ಚಿತ್ರವೂ ಅಷ್ಟೇ ಬೇಗ ಮುಗಿಯುತ್ತದೆ. ಮಳೆಗಾಲ ಬಂದೊಡನೆ ಅದು ಯಾರದೋ ತಗಡಿನ ಮಾಡಿಗೆ ಹೊದಿಕೆಯಾಗುತ್ತದೆ. ದುಡ್ಡು ಕೊಟ್ಟು ತಂದುದರಲ್ಲಿ ನಮ್ಮದೆಂಬುದು ಏನಿದೆ?

ಮಿಶ್ರಮಾಧ್ಯಮವೆಂಬ ಒಂದು ಪದ್ಧತಿಯಿದೆ. ಬಣ್ಣವೊಂದರಿಂದಲೇ ಬರೆಯದೆ, ಕಾಗದ, ಬಟ್ಟೆ, ನೂಲು, ಮಣ್ಣು ಎಲ್ಲವನ್ನೂ ಒಂದೇ ಹಲಗೆಯ ಮೇಲೆ ಕೂಡಿಸಿ ಚಿತ್ರ ಕಟ್ಟುವುದು. 1912ರಲ್ಲಿ ಪಿಕಾಸೊ ತನ್ನ ಚಿತ್ರವೊಂದರ ಮೇಲೆ ಮೇಣಬಟ್ಟೆಯನ್ನು ಅಂಟಿಸಿ ಸುತ್ತಲೂ ಹಗ್ಗವನ್ನು ಬಿಗಿದನು. ಜರ್ಮನಿಯ ಕರ್ಟ್ ಶ್ವಿಟರ್ಸ್ ಟ್ರಾಮಿನ ಹಳೆಯ ಟಿಕೀಟುಗಳನ್ನೂ ಚಿಂದಿಗಳನ್ನೂ ಆಯ್ದು ಚಿತ್ರ ಮಾಡಿದನು. ಜಗತ್ತು ಇದನ್ನು ಹೊಸತೆಂದು ಕೊಂಡಾಡಿತು. ಆದರೆ ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವ ನಮ್ಮ ಧಾರವಾಡ, ವಿಜಾಪುರದ ಕಡೆಯ ತಾಯಂದಿರಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆದುದರಿಂದ ನನ್ನ ಸೂಚನೆ ಇದು. ಗಟ್ಟಿಯಾದ ಪ್ಲೈವುಡ್ ಹಲಗೆಯೊಂದನ್ನು ತರೋಣ. ಫೋಟೋದ ಮೇಲೆ ಸಣ್ಣ ಚೌಕಗಳನ್ನೂ ಹಲಗೆಯ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕಗಳನ್ನೂ ಎಳೆದು, ಒಂದೊಂದು ಚೌಕದಲ್ಲಿದ್ದ ಗೆರೆಯನ್ನು ಅದೇ ಚೌಕಕ್ಕೆ ಇಳಿಸಿದರೆ ಚಿತ್ರಕಾರನಲ್ಲದವನೂ ಆಕಾರವನ್ನು ಹಿಡಿಯಬಲ್ಲನು. ಮುಖಕ್ಕೆ ಪತ್ರಿಕೆಯ ಕಾಗದದ ಚೂರುಗಳು. ಅವುಗಳಿಗೆ ಕಂದು ಬಣ್ಣವನ್ನು ನಮ್ಮ ಹೋಟೆಲಿನ ಕಾಫಿ ಡಿಕಾಕ್ಷನ್ನೇ ಕೊಡುತ್ತದೆ. ಒಮ್ಮೆ ಅದ್ದಿದರೆ ತಿಳಿ, ಒಣಗಿಸಿ ಮೂರು ಬಾರಿ ಅದ್ದಿದರೆ ಗಾಢ; ನೆರಳು ಬೆಳಕಿಗೆ ಅಷ್ಟು ಸಾಕು. ಅಂಗಿಗೆ ಈಸ್ಟ್ ಬೆಂಗಾಲಿನ ಕೆಂಪು ಮತ್ತು ಹೊಂಬಣ್ಣದ ಬಟ್ಟೆ ಚೂರುಗಳನ್ನು ಕೌದಿಯಂತೆ ಜೋಡಿಸೋಣ. ನಮ್ಮ ಕನ್ನಡ ಬಾವುಟದ ಬಣ್ಣಗಳೂ ಅವೇ ಆಗಿರುವುದು ಆಕಸ್ಮಿಕವಾದರೂ ಕಣ್ಣಿಗೆ ಹಿತ. ತಲೆಗೂದಲಿಗೆ, ಚೆಂಡಿನ ಹೊಲಿಗೆಗೆ ನೂಲು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಬರಿಯ ಮುಖವನ್ನು ಬರೆದು ನಿಲ್ಲಿಸಕೂಡದು. ಕವಿಯ ಚಿತ್ರಕ್ಕೆ ಮುಖ ಸಾಕು, ಕಾಲ್ಚೆಂಡಿನವನ ಚಿತ್ರಕ್ಕೆ ಪಾದ ಬೇಕು, ಅದೂ ಬರಿಯ ಪಾದ. ಆ ಪಾದಗಳಿಗಾಗಿ ಬೆಂಗಳೂರಿಗೆ ಹೋದವರು ಒಂದು ಹಿಡಿ ಕೆಮ್ಮಣ್ಣು ತಂದು ಕೊಡಲಿ. ಗೋಂದಿನಲ್ಲಿ ಕಲಸಿ ಬಳಿಯೋಣ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಪಾತ್ರೆ ತೊಳೆಯುವ ಹುಡುಗನು ಆ ಪಾದಗಳನ್ನು ನೋಡಿದರೆ, ಇವರು ತನ್ನವರೆಂದು ಯಾರೂ ಹೇಳದೆಯೇ ತಿಳಿಯುವನು.

ಕಾಗದದ ವಿಷಯದಲ್ಲಿ ಎಚ್ಚರ ಬೇಕು. ಪತ್ರಿಕೆಯ ಕಾಗದ ಬೆಳಕಿಗೆ ಹಳದಿಯಾಗಿ ಪುಡಿಯಾಗುವಂಥದು. ಹಳೆಯ ಪತ್ರಿಕೆಯ ಮೂಲ ತುಣುಕುಗಳನ್ನು ಕತ್ತರಿಸಬಾರದು. ಅವನ್ನು ಕಡತದಲ್ಲಿ ಕಾಪಾಡಿ, ಜೆರಾಕ್ಸ್ ಪ್ರತಿಯನ್ನು ಅಂಟಿಸಬೇಕು. ಅಂಟಿಸುವ ತುಣುಕುಗಳನ್ನಾದರೂ ಗೆಲುವಿನ ಸುದ್ದಿಯಿಂದ ಮಾತ್ರ ಆರಿಸಬೇಡಿರಿ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾದ ಎದುರು ಭಾರತ 10–1ರಿಂದ ಸೋತಿತು. ಆ ಒಂದು ಗೋಲು ಅಹಮದ್ ಅವರದು. ಹತ್ತು ಗೋಲು ಬಿದ್ದ ದಿನವೂ ಕೈಚೆಲ್ಲದೆ ಒಂದನ್ನು ಹೊಡೆದವರ ಚಿತ್ರದಲ್ಲಿ ಆ ಸೋಲಿನ ಸುದ್ದಿಯೂ ಇರಲೇಬೇಕು. ಸೋಲನ್ನು ಮರೆಮಾಚಿದ ಚಿತ್ರ ದುಡಿಯುವವನಿಗೆ ಯಾವ ಧೈರ್ಯವನ್ನೂ ಹೇಳದು.

‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವೇ?’ ಎಂದು ಕೇಳುವ ಹಿರಿಯರೂ ಇದ್ದಾರೆ. ಪಗಾರ, ಖೋಲಿ, ಔಷಧಿಯ ಪ್ರಶ್ನೆಗಳಿರುವಾಗ ಚಿತ್ರವೇಕೆ ಎಂಬ ಅವರ ಆಕ್ಷೇಪಣೆ ಹಗುರವಾದುದಲ್ಲ. ಆದರೆ ಈ ಕೆಲಸಕ್ಕೆ ಹಲಗೆ, ಗೋಂದು, ವಾರ್ನಿಷಿನ ಹೊರತು ಬೇರೆ ಖರ್ಚಿಲ್ಲ. ಅದಕ್ಕಿಂತ ಮುಖ್ಯವಾದ ಲಾಭವೊಂದಿದೆ. 1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅಲ್ಲಿ ದುಡಿದ ನಮ್ಮ ಹಿರಿಯರು ಈಗ ಸಭೆಗೆ ಬಂದರೆ ಒಂದು ಮೂಲೆಯಲ್ಲಿ ಕುಳಿತು ಹೋಗುತ್ತಾರೆ. ಕರಾವಳಿಯಿಂದ ಬಂದ ಹೋಟೆಲಿನ ತರುಣರು ಇನ್ನೊಂದು ಮೂಲೆಯಲ್ಲಿ. ಇಬ್ಬರ ನಡುವೆ ನಮಸ್ಕಾರದಾಚೆ ಮಾತಿಲ್ಲ. ನೂಲಿನ ಗುಣ, ಬಟ್ಟೆಯ ಹೆಣಿಗೆ ಬಲ್ಲ ಕೈಗಳು ಆ ಹಿರಿಯರವು. ಡಿಕಾಕ್ಷನ್ನಿನ ಹದ ಬಲ್ಲ ಕೈಗಳು ಈ ತರುಣರವು. ಒಂದೇ ಹಲಗೆಯ ಸುತ್ತ ನಾಲ್ಕು ಭಾನುವಾರ ಇವರು ಕೂಡಿ ಕುಳಿತರೆ, ಪಗಾರ, ಖೋಲಿಗಳ ಮಾತು ಅಲ್ಲಿಯೇ ಹುಟ್ಟದೆ ಇರುವುದೇ? ಒಟ್ಟಿಗೆ ಕೆಲಸ ಮಾಡಿ ಬಲ್ಲವರೇ ಒಟ್ಟಿಗೆ ಬೇಡಿಕೆಯನ್ನೂ ಮುಂದಿಡಬಲ್ಲರು.

ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ಬೇರೆ ಆಟಗಾರನ ಹೆಸರು ಹೇಳುವವರು ಹೇಳಲಿ. ಅದಕ್ಕೂ ಗೋಡೆಯಲ್ಲಿ ಸ್ಥಳವಿದೆ. ಯಾರದೇ ಚಿತ್ರವಾಗಲಿ, ಹಣ ತೆತ್ತು ಮಾಡಿಸುವುದು ಬೇಡ. ಬರುವಾಗ ಒಬ್ಬೊಬ್ಬರೂ ಮನೆಯಿಂದ ಒಂದು ತುಂಡು ಬಟ್ಟೆಯನ್ನು ತನ್ನಿರಿ.