ಆವಾಹಿಸಿದ ಭೃತ್ಯರಿಗೂ ಬೆಲೆಯಿರಲಿ

ಅಂತರ್ಜಾಲದ ಮೂಲಕ ಹಲವರು ಒಡಗೂಡಿ ಆಡುವ ಸಾಹಸದ ಆಟಗಳಲ್ಲಿ, ತಾನೇ ಕತ್ತಿ ಹಿರಿದು ಮುನ್ನುಗ್ಗುವವನಿಗೆ ದೊರೆಯುವ ಗೌರವವು, ಪ್ರೇತಗಳನ್ನೊ ಮೃಗಗಳನ್ನೊ ಆವಾಹಿಸಿ ಅವುಗಳಿಂದ ಯುದ್ಧ ಮಾಡಿಸುವವನಿಗೆ ದೊರೆಯುವುದಿಲ್ಲ. ಅವನು ಸೋಮಾರಿ, ಆಳುಗಳನ್ನು ಮುಂದೆ ಬಿಟ್ಟು ತಾನು ಹಿಂದೆ ನಿಂತು ಕೊಳ್ಳೆಯನ್ನು ಮಾತ್ರ ಆಯ್ದುಕೊಳ್ಳುವವನು ಎಂಬ ಮಾತು ಆಟಗಾರರ ನಡುವೆ ಬಹುಕಾಲದಿಂದ ಬಳಕೆಯಲ್ಲಿದೆ. ಇದು ಅನ್ಯಾಯದ ಮಾತೆಂದೇ ನನ್ನ ದೃಢವಾದ ಅಭಿಪ್ರಾಯ. ಆದರೆ ಈಚಿನ ಕೆಲವು ಆಟಗಳ ರಚನೆಯನ್ನು ನೋಡಿದರೆ, ಆ ಮಾತನ್ನು ನಿಜಮಾಡಲು ಅವುಗಳ ನಿರ್ಮಾಪಕರೇ ಹೊರಟಿರುವಂತೆ ತೋರಿ ಮನಸ್ಸಿಗೆ ಖೇದವಾಗುತ್ತದೆ.

2000ನೆಯ ಇಸವಿಯ ಜೂನ್ ತಿಂಗಳಲ್ಲಿ ಅಮೆರಿಕದ ಬ್ಲಿಝಾರ್ಡ್ ಸಂಸ್ಥೆಯವರು ಹೊರತಂದ ‘ಡಯಾಬ್ಲೊ 2’ ಎಂಬ ಆಟದ ಐದು ನಾಯಕಪಾತ್ರಗಳಲ್ಲಿ ನೆಕ್ರೊಮ್ಯಾನ್ಸರ್ ಎಂಬುವನು ಒಬ್ಬನು. ಬಿಳಿಗೂದಲಿನ, ಕೃಶಶರೀರದ ಈ ಮಾಂತ್ರಿಕನು ಹತರಾದ ಶತ್ರುಗಳ ಶವಗಳಿಂದ ಅಸ್ಥಿಪಂಜರಗಳನ್ನೆಬ್ಬಿಸಿ ಅವನ್ನೇ ತನ್ನ ಸೈನ್ಯವಾಗಿ ಮಾಡಿಕೊಳ್ಳತಕ್ಕವನು. ಶವವಿಲ್ಲದೆ ಸೈನಿಕನಿಲ್ಲವಾದ ಕಾರಣ, ಆಟವು ಆರಂಭವಾದೊಡನೆ, ಶಿಬಿರದ ಹೊರಗಿನ ಬಯಲಿನಲ್ಲಿ, ಮೊದಲನೆಯ ಶತ್ರುವನ್ನು ಅವನು ತನ್ನ ಕೈಯ ಪುಟ್ಟ ಮಂತ್ರದಂಡದಿಂದ ತಾನೇ ಬಡಿದು ಕೆಡಹಬೇಕಾಗುತ್ತದೆ. ಅಲ್ಲಿಂದ ಮುಂದೆ ಸೈನ್ಯವು ಬೆಳೆಯುತ್ತದೆ, ಅದರೊಡನೆ ನಾಯಕನ ಚಿಂತೆಯೂ ಬೆಳೆಯುತ್ತದೆ. ಎರಡನೆಯ ಅಂಕದ ಮರುಭೂಮಿಯಲ್ಲಿ ಮ್ಯಾಗಟ್ ಲೇರ್ ಎಂಬ ಹುಳುಗಳ ಬಿಲವೊಂದಿದೆ. ಅದರ ಸುರಂಗಗಳು ಎಷ್ಟು ಇಕ್ಕಟ್ಟೆಂದರೆ, ಬಯಲಿನಲ್ಲಿ ಶತ್ರುವನ್ನು ನಾಲ್ಕೂ ಕಡೆಯಿಂದ ಮುತ್ತುತ್ತಿದ್ದ ಅದೇ ಸೈನ್ಯವು ಇಲ್ಲಿ ಒಬ್ಬರ ಬೆನ್ನಿಗೊಬ್ಬರು ಸಿಕ್ಕಿಕೊಂಡು, ಮುಂದಿನ ಒಬ್ಬನೊ ಇಬ್ಬರೊ ಕಾದಾಡುತ್ತಿರಲು ಉಳಿದವರೆಲ್ಲರೂ ಸುಮ್ಮನೆ ನಿಲ್ಲಬೇಕಾಗುತ್ತದೆ. ಆ ಅಂಕದ ಕೊನೆಯಲ್ಲಿ ಡ್ಯೂರಿಯಲ್ ಎಂಬ ಬೃಹತ್ಕಾಯದ ರಾಕ್ಷಸನೊಡನೆ ಯುದ್ಧ ನಡೆಯುವ ಕೋಣೆಯಂತೂ ಇನ್ನೂ ಕಠಿನವಾದುದು: ಅಲ್ಲಿ ಅವನೊಬ್ಬನ ಹೊರತು ಬೇರೆ ಶತ್ರುವಿಲ್ಲ, ಶತ್ರುವಿಲ್ಲದುದರಿಂದ ಶವವಿಲ್ಲ, ಶವವಿಲ್ಲದುದರಿಂದ ಬಿದ್ದ ಯೋಧನ ಸ್ಥಾನದಲ್ಲಿ ಮತ್ತೊಬ್ಬನು ಏಳುವ ಸಂಭವವಿಲ್ಲ. ಯಾವ ಶಾಪವನ್ನು ಹಾಕಿದರೆ ತನ್ನವರ ಏಟು ಬಲವಾಗುವುದು, ಏಟಿನಿಂದ ಶತ್ರುವಿನ ವೇಗವನ್ನು ಕುಗ್ಗಿಸಬಲ್ಲ ಗೋಲೆಮ್ ಎಂಬ ಮಣ್ಣಿನ ಮಾಯಾಭಟನನ್ನು ಯಾವ ಕ್ಷಣದಲ್ಲಿ ಅವನೆದುರು ನಿಲ್ಲಿಸಬೇಕು ಎಂಬುದನ್ನೆಲ್ಲ ಒಳಹೊಗುವ ಮುನ್ನವೇ ನಿಶ್ಚಯಿಸಿಕೊಂಡಿರದಿದ್ದರೆ, ನಿಮಿಷದೊಳಗಾಗಿ ಸೈನ್ಯವೆಲ್ಲ ಮೂಳೆಯ ಚೂರಾಗಿ ಮಾಂತ್ರಿಕನೊಬ್ಬನೇ ಉಳಿಯುತ್ತಾನೆ. ಇಷ್ಟನ್ನು ಮುಂದಾಗಿ ಯೋಚಿಸತಕ್ಕವನನ್ನು ಸೋಮಾರಿ ಎನ್ನುವುದು ಹೇಗೆ?

ಆದರೆ ಅಸ್ಥಿಪಂಜರಗಳು ಅಗ್ಗದ ಸೈನಿಕರು. ಒಂದು ಹೋದರೆ ಮುಂದಿನ ಶವದಿಂದ ಇನ್ನೊಂದು. ಈ ಆಟದ ನಿರ್ಮಾಪಕರ ನಿಜವಾದ ಪ್ರತಿಭೆಯನ್ನು ನಾನು ಕಂಡದ್ದು ಕಬ್ಬಿಣದ ಗೋಲೆಮಿನಲ್ಲಿ. ಲೋಹದ ಆಯುಧವನ್ನೊ ಕವಚವನ್ನೊ ನೆಲದ ಮೇಲಿಟ್ಟು ಮಂತ್ರವನ್ನು ಪ್ರಯೋಗಿಸಿದರೆ, ಆ ವಸ್ತುವು ಅದೃಶ್ಯವಾಗಿ, ಅದರ ಗುಣಗಳನ್ನೆಲ್ಲ ಮೈಗೂಡಿಸಿಕೊಂಡ ಲೋಹಕಾಯನೊಬ್ಬನು ಎದ್ದು ನಿಲ್ಲುತ್ತಾನೆ. ರೂನ್ ಎಂಬ ನಾಲ್ಕು ಮಂತ್ರಾಕ್ಷರದ ಕಲ್ಲುಗಳನ್ನು ಕ್ರಮ ತಪ್ಪದೆ ಕೂಡಿಸಿ ಸಿದ್ಧಪಡಿಸಿದ ‘ಇನ್‌ಸೈಟ್’ ಎಂಬ ನೀಳಹಿಡಿಯ ಆಯುಧವನ್ನು ಹೀಗೆ ಅರ್ಪಿಸಿದರೆ, ಆ ಗೋಲೆಮಿನ ಸುತ್ತ ಪಸರಿಸುವ ಪ್ರಭೆಯಿಂದ ಮಾಂತ್ರಿಕನೊಬ್ಬನದೇ ಅಲ್ಲದೆ ಅವನ ಒಡನಾಡಿಗಳೆಲ್ಲರ ಮಂತ್ರಶಕ್ತಿಯೂ ಎಡೆಬಿಡದೆ ತುಂಬಿಕೊಳ್ಳುತ್ತ ಹೋಗುತ್ತದೆ. ಗೋಲೆಮ್ ಸತ್ತಿತೆ, ಆಯುಧವೂ ಶಾಶ್ವತವಾಗಿ ಹೋಯಿತು. ಒಮ್ಮೆಗೆ ಒಂದೇ ಗೋಲೆಮ್ ಇರಬಹುದಾದುದರಿಂದ, ಅವಸರದಲ್ಲಿ ಬೆರಳು ತಪ್ಪಿ ಮಣ್ಣಿನ ಗೋಲೆಮನ್ನು ಕರೆದರೂ ಕಬ್ಬಿಣದವನು ಅಲ್ಲಿಗೆ ಮುಗಿದನು. ಇಂಥ ಭೃತ್ಯನನ್ನುಳ್ಳ ಆಟಗಾರನು ಆಡುವ ರೀತಿಯೇ ಬೇರೆ: ಅವನು ಬಾಗಿಲಲ್ಲಿ ತಡೆದು ನಿಲ್ಲುತ್ತಾನೆ, ಆ ಕಡೆಯಲ್ಲಿ ಏನಿದೆಯೆಂದು ಅಸ್ಥಿಪಂಜರವೊಂದನ್ನು ಮುಂದೆ ಬಿಟ್ಟು ನೋಡುತ್ತಾನೆ, ತನ್ನ ಜೀವದ ಪಟ್ಟಿಗಿಂತ ಗೋಲೆಮಿನ ಜೀವದ ಪಟ್ಟಿಯ ಮೇಲೆಯೇ ಹೆಚ್ಚಾಗಿ ಕಣ್ಣಿಟ್ಟಿರುತ್ತಾನೆ.

ಕರೆದಾಗ ಬಂದು ಕಾದುವ ಸಹಾಯಕನ ಕಲ್ಪನೆಯು ನಮಗೇನೂ ಹೊಸತಲ್ಲ. ನೆನೆದೊಡನೆ ಬರುವೆನೆಂದು ಮಾತು ಕೊಟ್ಟು ಹೋದ ಘಟೋತ್ಕಚನು ಮಹಾಭಾರತದ ರಾತ್ರಿಯುದ್ಧದಲ್ಲಿ, ಅರ್ಜುನನಿಗೆಂದು ಕರ್ಣನು ಕಾದಿರಿಸಿಕೊಂಡಿದ್ದ ಶಕ್ತ್ಯಾಯುಧವನ್ನು ತನ್ನೆದೆಯಲ್ಲಿ ತಾಳಿ, ಬೀಳುವಾಗಲೂ ಮೈಯನ್ನು ಬೆಳೆಸಿಕೊಂಡು ಕೌರವಸೇನೆಯ ಮೇಲೆಯೇ ಬಿದ್ದನು. ಯುದ್ಧದ ಲೆಕ್ಕದಲ್ಲಿ ಅದು ಪಾಂಡವರಿಗೆ ಮಹಾಲಾಭವೇ ಸರಿ, ಕೃಷ್ಣನು ಹರ್ಷಿಸಿದನು. ಆದರೆ ಧರ್ಮರಾಜನು ಶೋಕಿಸಿದನು. ಆ ಶೋಕಕ್ಕೆ ಎಡೆಯಿಲ್ಲದಿದ್ದರೆ ಆ ರಾತ್ರಿಯ ಕಥೆಯು ನಮ್ಮನ್ನು ಇಷ್ಟೊಂದು ಕಲಕುತ್ತಿರಲಿಲ್ಲ.

ಈಗಿನ ಆಟಗಳ ವಿಷಯಕ್ಕೆ ಬರೋಣ. 2022ರ ‘ಎಲ್ಡೆನ್ ರಿಂಗ್’ನಲ್ಲಿ ತನ್ನದೇ ಪ್ರತಿರೂಪವನ್ನು ಆವಾಹಿಸುವ ಮಿಮಿಕ್ ಟಿಯರ್ ಎಂಬ ವಿದ್ಯೆಯನ್ನು ಹಲವರು ಹೇಡಿಗಳ ಉಪಾಯವೆಂದು ಹಳಿದರು; ಅದಕ್ಕೆ ಆಟಗಾರನು ತನ್ನ ಪ್ರಾಣಬಲದ ಒಂದು ಪಾಲನ್ನೇ ತೆರಬೇಕೆಂಬುದನ್ನು ಹಳಿದವರು ಮರೆತಿದ್ದರು. 2023ರ ‘ಡಯಾಬ್ಲೊ 4’ರಲ್ಲಿ ನೆಕ್ರೊಮ್ಯಾನ್ಸರನು ಆವಾಹಿಸುವ ಅಧಿಕಾರವನ್ನೇ ತ್ಯಜಿಸಿ, ಅದಕ್ಕೆ ಬದಲಾಗಿ ತನ್ನ ಮೈಬಲವನ್ನು ಹೆಚ್ಚಿಸಿಕೊಳ್ಳಬಹುದು, ಆ ಮಾರ್ಗವು ನನಗೆ ರುಚಿಸದು, ಆದರೆ ಅಲ್ಲಿಯೂ ಒಂದು ತ್ಯಾಗವಿದೆ. ನನ್ನ ಆಕ್ಷೇಪವಿರುವುದು ನ್ಯೂಜಿಲೆಂಡಿನ ಗ್ರೈಂಡಿಂಗ್ ಗಿಯರ್ ಗೇಮ್ಸ್ ಸಂಸ್ಥೆಯವರು 2024ರ ಡಿಸೆಂಬರಿನಲ್ಲಿ, ಪೂರ್ಣಗೊಳ್ಳುವ ಮೊದಲೇ ಆಟಗಾರರ ಕೈಗೆ ಕೊಟ್ಟ ‘ಪಾತ್ ಆಫ್ ಎಕ್ಸೈಲ್ 2’ರ ಕ್ರಮಕ್ಕೆ. ಅಲ್ಲಿ ಸ್ಪಿರಿಟ್ ಎಂಬ ಶಕ್ತಿಯ ಒಂದು ಭಾಗವನ್ನು ಮೀಸಲಿಟ್ಟರೆ ಭೃತ್ಯರು ಜೊತೆಗಿರುತ್ತಾರೆ. ಬಿದ್ದರೆ, ಸ್ವಲ್ಪ ಹೊತ್ತಿನಲ್ಲಿ ತಾವಾಗಿಯೇ ಎದ್ದು ಬರುತ್ತಾರೆ. ಶವಗಳನ್ನು ಹುಡುಕಿಕೊಂಡು ಅಲೆಯುವ ಬೇಸರವೂ, ಶವವಿಲ್ಲದ ಕೋಣೆಯಲ್ಲಿ ನಿರಾಯುಧನಾಗಿ ನಿಲ್ಲುವ ಸಂಕಟವೂ ಇದರಿಂದ ತಪ್ಪಿತೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಸಾವೆಂಬುದು ಕೆಲವು ಕ್ಷಣಗಳ ವಿಳಂಬ ಮಾತ್ರವಾದ ಮೇಲೆ, ಭೃತ್ಯನನ್ನು ಕಾಪಾಡಬೇಕೆಂಬ ಆಸೆಯು ಆಟಗಾರನಲ್ಲಿ ಎಲ್ಲಿಂದ ಹುಟ್ಟಬೇಕು?

ಎಲ್ಲ ಭೃತ್ಯರ ಸಾವೂ ದುಬಾರಿಯಾಗಲಿ ಎಂದು ನಾನು ಕೇಳುತ್ತಿಲ್ಲ. ಹಾಗಾದರೆ ಆಟವೇ ಒಂದು ಹೊರೆಯಾದೀತು. ಸಾಮಾನ್ಯ ಸೈನಿಕರು ಬಿದ್ದು ಏಳುತ್ತಿರಲಿ. ಅವರ ನಡುವೆ ಒಬ್ಬನಾದರೂ, ಆಟಗಾರನು ಶ್ರಮಪಟ್ಟು ಸಂಪಾದಿಸಿದ ವಸ್ತುವಿನಿಂದ ಹುಟ್ಟಿ, ಬಿದ್ದರೆ ಅದನ್ನೂ ತನ್ನೊಡನೆ ಕೊಂಡೊಯ್ಯುವವನಿರಲಿ. ಆಟವು ರೂಪುಗೊಳ್ಳುತ್ತಿರುವಾಗಲೇ ಇಂಥ ತಿದ್ದುಪಡಿಯನ್ನು ಮಾಡುವುದು ಸುಲಭ. ನಿರ್ಮಾಪಕರು ಅದನ್ನು ಮನಸ್ಸಿಗೆ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ.