ಕಮಠನ ಕಥೆ ಎಲ್ಲಿ ಮುಗಿಯುತ್ತದೆ?

ರಿಚರ್ಡ್ಸ್ ಟೌನಿನ ಉದ್ಯಾನದ ಸಮೀಪದಲ್ಲೊಂದು ಜೈನ ಮನೆ. ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂದಿತ್ತು. ಮನೆಯ ಹಿರಿಯರು ಬೆಳಗಿನ ಪೂಜೆ ಮುಗಿಸಿ, ಬಂಧುಮಿತ್ರರ ಹೆಸರುಗಳನ್ನು ಬರೆದಿಟ್ಟಿದ್ದ ಹಳೆಯ ಪುಸ್ತಕವನ್ನು ತೆರೆದು, ಒಬ್ಬೊಬ್ಬರಿಗೂ ದೂರವಾಣಿ ಕರೆ ಮಾಡಿ ಕ್ಷಮೆ ಕೋರುತ್ತಿದ್ದರು. ಪಕ್ಕದಲ್ಲಿ ಕುಳಿತ ಮೊಮ್ಮಗಳು ಕರೆ ಮುಗಿದ ಹೆಸರಿಗೆ ಗುರುತು ಹಾಕುತ್ತಿದ್ದಳು. ಒಂದು ಹೆಸರನ್ನು ಅಜ್ಜ ದಾಟಿ ಮುಂದೆ ಹೋದರು. ಅದು ಅವರ ಒಡಹುಟ್ಟಿದ ತಮ್ಮನ ಹೆಸರು. ಆಸ್ತಿಯ ಪಾಲಿನಲ್ಲಿ ತಮ್ಮನಿಂದ ಮೋಸವಾದಂದಿನಿಂದ ಇಬ್ಬರಲ್ಲಿ ಮಾತಿರಲಿಲ್ಲ. ‘ಇವರಿಗೆ ಮಾಡುವುದಿಲ್ಲವೇ?’ ಎಂದು ಮಗು ಕೇಳಿದಾಗ ಅಜ್ಜ ಹೇಳಿದ್ದು ಒಂದೇ ಮಾತು: ‘ಅವನು ಕಮಠ. ಅವನಿಗೆ ಹೇಳಿ ಪ್ರಯೋಜನವಿಲ್ಲ.’

ಹೀಗೆ ದಾಟಿಹೋಗುವ ಒಂದು ಹೆಸರು ಬಹುತೇಕ ಎಲ್ಲ ಮನೆಗಳ ಪುಸ್ತಕದಲ್ಲೂ ಇರುತ್ತದೆ. ‘ಅವನು ತಿದ್ದಿಕೊಳ್ಳುವವನಲ್ಲ’ ಎಂಬ ತೀರ್ಪನ್ನು ನಾವು ಎಷ್ಟು ಸುಲಭವಾಗಿ ಕೊಟ್ಟುಬಿಡುತ್ತೇವೆ! ಒಬ್ಬ ಜೀವಿಯನ್ನು ಉದ್ಧಾರಕ್ಕೆ ಅತೀತನಾದ ದುಷ್ಟನೆಂದು ಕರೆಯಲು ಏನು ಬೇಕು? ಅಂಥವನೊಬ್ಬ ನಿಜವಾಗಿ ಇರಲು ಸಾಧ್ಯವೇ? ಈ ಪ್ರಶ್ನೆಗೆ ಜಿನಾಗಮವೂ ಅದನ್ನು ಅನುಸರಿಸಿ ಬಂದ ಪುರಾಣಗಳೂ ಕೊಡುವ ಉತ್ತರವು ನಮ್ಮ ರೂಢಿಯ ಕಲ್ಪನೆಗಿಂತ ಬಹಳ ಭಿನ್ನವಾಗಿದೆ.

ಮೊದಲು ರೂಢಿಯ ಕಲ್ಪನೆಯನ್ನೇ ನೋಡೋಣ. ನಮ್ಮ ಮನಸ್ಸಿನಲ್ಲಿ ಖಳನ ಚಿತ್ರ ಮೂಡಿರುವುದು ಹೆಚ್ಚಾಗಿ ಚಲನಚಿತ್ರಗಳಿಂದ. ಪಕ್ಕದ ಫ್ರೇಜರ್ ಟೌನಿನ ಎವರೆಸ್ಟ್ ಚಿತ್ರಮಂದಿರದಂತಹ ಹಳೆಯ ಟಾಕೀಸುಗಳಲ್ಲಿ ಕುಳಿತು ನೋಡಿದ ಪೀಳಿಗೆಗೆ ಇದು ಚೆನ್ನಾಗಿ ಗೊತ್ತು. ವಜ್ರಮುನಿಯವರಂತಹ ಸಮರ್ಥ ನಟರು ತೆರೆಯ ಮೇಲೆ ಬಂದು ಕಣ್ಣು ಕೆಂಪಾಗಿಸಿದರೆ ಸಾಕು, ಈತ ಕೆಟ್ಟವನೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ಅಂಥ ಪಾತ್ರವು ಅಷ್ಟು ನಿಚ್ಚಳವಾಗಿ ಕೆಟ್ಟದಾಗಿ ಕಾಣುವುದಕ್ಕೆ ಒಂದು ಕಾರಣವಿದೆ. ಕಥೆಗಾರನು ಅವನ ಹಿಂದಿನದನ್ನು ಹೇಳುವುದಿಲ್ಲ; ಮುಂದಿನದನ್ನು ತೋರಿಸುವುದಿಲ್ಲ. ಅವನು ಬಾಲಕನಾಗಿದ್ದಾಗ ಯಾವ ನೋವುಂಡನೆಂಬುದು ಅಲ್ಲಿಲ್ಲ. ಸೆರೆಮನೆಯ ಒಂಟಿ ರಾತ್ರಿಯಲ್ಲಿ ಏನು ಯೋಚಿಸಿದನೆಂಬುದೂ ಇಲ್ಲ. ಎರಡೂವರೆ ಗಂಟೆಯಲ್ಲಿ ಕಥೆ ಮುಗಿಯಬೇಕು, ನಾಯಕ ಗೆಲ್ಲಬೇಕು. ಆದ್ದರಿಂದ ಖಳನು ಕೆಟ್ಟವನಾಗಿಯೇ ಸಾಯುತ್ತಾನೆ. ಅವನ ದುಷ್ಟತನವನ್ನು ಸಂಪೂರ್ಣಗೊಳಿಸುವುದು ಕಥೆಯ ಮೊಟಕುತನ.

ಜೈನ ಕವಿಗಳು ಹಾಗೆ ಮೊಟಕುಗೊಳಿಸಲು ಒಪ್ಪಲಿಲ್ಲ. ಅವರ ಪುರಾಣಗಳಲ್ಲಿ ಭವಾವಳಿ ಇರುತ್ತದೆ. ಒಂದು ಜೀವದ ಹಲವು ಜನ್ಮಗಳು ಸಾಲಾಗಿ ಬರುತ್ತವೆ. ಇಂದಿನ ಓದುಗರಿಗೆ ಅದು ದೀರ್ಘವೆನಿಸಬಹುದು. ಆದರೆ ಆ ದೀರ್ಘತೆಯಲ್ಲಿ ಒಂದು ಕರುಣೆಯಿದೆ. ಆ ಹಿರಿಯರು ಹೆಸರಿಸಿದ ಕಮಠನ ಕಥೆಯನ್ನೇ ಪೂರ್ತಿಯಾಗಿ ನೆನೆಯುವುದು ಇಲ್ಲಿ ಉಚಿತ.

ಪೋದನಪುರದಲ್ಲಿ ಅರವಿಂದ ರಾಜನ ಆಳ್ವಿಕೆ. ಕಮಠ ಮತ್ತು ಮರುಭೂತಿ ಅಣ್ಣತಮ್ಮಂದಿರು. ಅಣ್ಣನು ತಮ್ಮನ ಹೆಂಡತಿಯ ಮೇಲೆ ಕಣ್ಣಿಟ್ಟು ಅನಾಚಾರ ಮಾಡಿದನು. ಅರಸನು ಅವನನ್ನು ಊರಿನಿಂದ ಹೊರಗಟ್ಟಿದನು. ಕಮಠನು ತಾಪಸನಾಗಿ, ಬಂಡೆಯೊಂದನ್ನು ಕೈಯಲ್ಲೆತ್ತಿ ಹಿಡಿದು ತಪಸ್ಸಿಗೆ ನಿಂತನು. ಅನ್ಯಾಯಕ್ಕೊಳಗಾದ ತಮ್ಮನೇ ಅಣ್ಣನ ಸ್ಥಿತಿಗೆ ಮರುಗಿ, ಹುಡುಕಿಕೊಂಡು ಹೋಗಿ, ಕಾಲಿಗೆ ಬಿದ್ದು ಕ್ಷಮೆ ಬೇಡಿದನು. ಬಾಗಿದ ತಲೆಯ ಮೇಲೆ ಕಮಠನು ಆ ಬಂಡೆಯನ್ನೇ ಕೆಡವಿದನು. ತಪಸ್ಸಿಗಾಗಿ ಎತ್ತಿದ ಕಲ್ಲು ಕೊಲೆಗೆ ಬಳಕೆಯಾಯಿತು.

ಅಲ್ಲಿಂದ ಮುಂದೆ ಮರುಭೂತಿಯ ಜೀವವು ಆನೆಯಾಗಿ ಹುಟ್ಟಿ ಅಣುವ್ರತ ಧರಿಸಿದಾಗ ಕಮಠನ ಜೀವವು ಸರ್ಪವಾಗಿ ಬಂದು ಕಚ್ಚಿತು. ಒಬ್ಬನು ವಿದ್ಯಾಧರ ಮುನಿಯಾದಾಗ ಇನ್ನೊಬ್ಬನು ಹೆಬ್ಬಾವಾದನು. ಒಬ್ಬನು ಚಕ್ರವರ್ತಿ ಪದವಿಯನ್ನು ತೊರೆದು ಧ್ಯಾನಕ್ಕೆ ನಿಂತಾಗ ಇನ್ನೊಬ್ಬನು ಬೇಡನಾಗಿ ಬಾಣ ಬಿಟ್ಟನು. ಮತ್ತೊಂದು ಭವದಲ್ಲಿ ಸಿಂಹವಾಗಿ ಮೇಲೆರಗಿದನು. ಪ್ರತಿ ಕೊಲೆಯ ನಡುವೆ ಕಮಠನಿಗೆ ನರಕವಾಸ. ನರಕದ ಶಿಕ್ಷೆಯಿಂದಲೂ ಅವನು ಪಾಠ ಕಲಿಯಲಿಲ್ಲ. ಹತ್ತನೆಯ ಭವದಲ್ಲಿ ಮರುಭೂತಿಯ ಜೀವವು ಕಾಶಿಯಲ್ಲಿ ಪಾರ್ಶ್ವಕುಮಾರನಾಗಿ ಅವತರಿಸಿದಾಗ ಕಮಠನು ಪಂಚಾಗ್ನಿ ತಪಸ್ಸಿನ ತಾಪಸನಾಗಿದ್ದನು. ಸತ್ತು ಸಂವರನೆಂಬ ಜ್ಯೋತಿಷ್ಕ ದೇವನಾದನು. ಧ್ಯಾನಸ್ಥನಾದ ಪಾರ್ಶ್ವಮುನಿಯನ್ನು ಕಂಡೊಡನೆ ಹಳೆಯ ವೈರ ಕೆರಳಿ, ಏಳು ದಿನ ಬಿರುಗಾಳಿ, ಮಳೆ, ಕಲ್ಲುಬಂಡೆಗಳ ಘೋರ ಉಪಸರ್ಗ ಮಾಡಿದನು.

ಪರಿಶುದ್ಧ ಖಳನೆಂದರೆ ಇವನೇ ಎನ್ನಲು ಇನ್ನೇನು ಬೇಕು? ಹತ್ತು ಭವಗಳಲ್ಲಿ ಎದುರಾಳಿಯು ಒಮ್ಮೆಯೂ ತಿರುಗಿ ಹೊಡೆಯಲಿಲ್ಲ. ಇವನು ಒಮ್ಮೆಯೂ ಬಿಡಲಿಲ್ಲ.

ಕನ್ನಡ ನಾಡಿನ ಶಿಲ್ಪಿಗಳಿಗೆ ಈ ಪ್ರಸಂಗ ಅಚ್ಚುಮೆಚ್ಚು. ಫ್ರೇಜರ್ ಟೌನಿಗೆ ಈಗ ಪುಲಕೇಶಿನಗರವೆಂಬ ಹೆಸರಿದೆಯಷ್ಟೆ. ಆ ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದ ಜೈನ ಕವಿ ರವಿಕೀರ್ತಿಯು 634ರಲ್ಲಿ ಐಹೊಳೆಯ ಮೇಗುತಿ ಬೆಟ್ಟದ ಮೇಲೆ ಜಿನಾಲಯವನ್ನು ಕಟ್ಟಿಸಿ ಪ್ರಸಿದ್ಧ ಶಾಸನವನ್ನು ಬರೆಸಿದನು. ಅದೇ ಬೆಟ್ಟದ ಜೈನ ಗುಹೆಯಲ್ಲಿ ಪಾರ್ಶ್ವನಾಥನ ಉಪಸರ್ಗದ ಶಿಲ್ಪವಿದೆ. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿಯೂ ಇದೆ. ಎಲ್ಲೋರದ ಜೈನ ಗುಹೆಗಳ ಫಲಕಗಳಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಮೇಲೆ ಕಲ್ಲೆತ್ತಿ ಆರ್ಭಟಿಸುವ ವೈರಿ. ಕೆಳಗೆ, ಪಾದಗಳ ಬಳಿ, ಕೈಮುಗಿದು ಬಾಗಿದವನೂ ಅವನೇ. ಒಂದೇ ಕಲ್ಲಿನಲ್ಲಿ ಶಿಲ್ಪಿಯು ಅವನ ಎರಡು ಸ್ಥಿತಿಗಳನ್ನೂ ಕಂಡರಿಸಿದ್ದಾನೆ. ಪಾರ್ಶ್ವಸ್ವಾಮಿಗೆ ಕೇವಲಜ್ಞಾನವಾದಾಗ ಸಂವರನ ವೈರವು ಕರಗಿತು. ಅವನು ಸಮ್ಯಕ್ತ್ವವನ್ನು ಪಡೆದನು ಎಂದು ಗುಣಭದ್ರಾಚಾರ್ಯರ ಉತ್ತರಪುರಾಣವು ಹೇಳುತ್ತದೆ. ಕಮಠನ ಕಥೆ ಮುಗಿಯುವುದು ಬಂಡೆಯ ಬಳಿಯಲ್ಲ, ಸಮವಸರಣದಲ್ಲಿ. ‘ಅವನು ಕಮಠ’ ಎಂದು ಬೈಯುವವರು ಈ ಕೊನೆಯ ಅಧ್ಯಾಯವನ್ನು ಓದದೆ ಪುಸ್ತಕ ಮುಚ್ಚಿದವರು.

ಶಾಸ್ತ್ರದ ದೃಷ್ಟಿಯಿಂದ ಇದರ ಕಾರಣ ಸ್ಪಷ್ಟ. ದುಷ್ಟತನವು ಜೀವದ ಸ್ವಭಾವವಲ್ಲ. ಅದು ಕಷಾಯದ ಬಣ್ಣ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರವು ಕ್ರೋಧವನ್ನು ನಾಲ್ಕು ಬಗೆಯ ಗೆರೆಗಳಿಗೆ ಹೋಲಿಸುತ್ತದೆ: ಕಲ್ಲಿನ ಮೇಲಿನ ಗೆರೆ, ನೆಲದ ಮೇಲಿನ ಗೆರೆ, ಧೂಳಿನ ಮೇಲಿನ ಗೆರೆ, ನೀರಿನ ಮೇಲಿನ ಗೆರೆ. ಕಮಠನದು ಮೊದಲನೆಯ ಬಗೆ. ಆದರೆ ಕಲ್ಲಿನ ಗೆರೆಯೂ ಸವೆಯುತ್ತದೆ. ಕರ್ಮಗಳಲ್ಲೆಲ್ಲ ಬಲಿಷ್ಠವಾದ ಮೋಹನೀಯಕ್ಕೆ ಆಗಮವು 70 ಕೋಡಾಕೋಡಿ ಸಾಗರೋಪಮಗಳ ಗರಿಷ್ಠ ಸ್ಥಿತಿಯನ್ನು ಹೇಳಿದೆ. ಏಳನೆಯ ನರಕದ ಪರಮಾಯುಷ್ಯ 33 ಸಾಗರೋಪಮ. ಈ ಕಾಲಮಾನಗಳು ಊಹೆಗೂ ನಿಲುಕದಷ್ಟು ದೊಡ್ಡವು, ನಿಜ. ಆದರೂ ಅವು ಸಂಖ್ಯೆಗಳು, ಸಂಖ್ಯೆಗೆ ಕೊನೆಯಿದೆ. ಒಮ್ಮೆ ಬಿದ್ದವನು ಎಂದೆಂದಿಗೂ ಬಿದ್ದಿರಬೇಕಾದ ನರಕವನ್ನು ಜಿನಧರ್ಮವು ಹೇಳಿಲ್ಲ. ಯಶೋಧರ ಮುನಿಗಳ ಕೊರಳಿಗೆ ಸತ್ತ ಹಾವನ್ನು ಹಾಕಿ ಏಳನೆಯ ನರಕದ ಆಯುಷ್ಯವನ್ನು ಕಟ್ಟಿಕೊಂಡ ಶ್ರೇಣಿಕ ಮಹಾರಾಜನು, ಸಮ್ಯಕ್ತ್ವದ ಬಲದಿಂದ ಅದನ್ನು ಮೊದಲ ನರಕದ 84,000 ವರ್ಷಗಳಿಗೆ ಇಳಿಸಿಕೊಂಡನು. ಮುಂದಿನ ಚೌವೀಸಿಯ ಮೊದಲ ತೀರ್ಥಂಕರನಾಗುವವನು ಅವನೇ.

ರಾವಣನ ವಿಷಯದಲ್ಲಿ ಜೈನ ಪರಂಪರೆಯು ಇನ್ನೂ ಆಳಕ್ಕೆ ಹೋಗುತ್ತದೆ. ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದ ರಾವಣನು ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂದು ವ್ರತ ತೊಟ್ಟವನು. ಸೀತೆಯ ದುಃಖವನ್ನು ಕಂಡು ಅವನ ಮನಸ್ಸು ಪರಿವರ್ತನೆಗೊಳ್ಳುತ್ತದೆ. ಅವಳನ್ನು ಹಿಂದಿರುಗಿಸಲು ನಿಶ್ಚಯಿಸುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಲೋಕವು ತನ್ನನ್ನು ಹೇಡಿ ಎಂದೀತು, ಯುದ್ಧದಲ್ಲಿ ಗೆದ್ದು ಬಳಿಕ ಒಪ್ಪಿಸುವೆನೆಂಬ ಮಾನಕಷಾಯವು ಅಡ್ಡ ಬರುತ್ತದೆ. ಕಾಮ ಕಳೆದರೂ ಅಭಿಮಾನ ಕಳೆಯಲಿಲ್ಲ. ಆ ಒಂದು ಎಳೆಯಲ್ಲಿ ಅವನು ಕೆಟ್ಟನು. ಬಿ.ಎಂ. ಶ್ರೀಕಂಠಯ್ಯನವರು ಈ ರಾವಣನಲ್ಲಿ ದುರಂತ ನಾಯಕನನ್ನು ಕಂಡದ್ದು ಇದಕ್ಕಾಗಿಯೇ. ಶತಮಾನಗಳ ಅನಂತರ ಕುವೆಂಪು ಅವರೂ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ರಾವಣನ ಹೃದಯಪರಿವರ್ತನೆಗೆ ಸ್ಥಳ ಕೊಟ್ಟರು.

ಇದಕ್ಕಿಂತ ದೊಡ್ಡ ಮಾತು ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿದೆ. ಸೀತೆಯು ಆರ್ಯಿಕೆಯಾಗಿ ತಪಗೈದು ಅಚ್ಯುತ ಸ್ವರ್ಗದಲ್ಲಿ ದೇವನಾಗಿ ಹುಟ್ಟುತ್ತಾಳೆ. ಆ ಜೀವವು ನರಕಕ್ಕೆ ಇಳಿದುಹೋಗಿ ಅಲ್ಲಿ ನರಳುತ್ತಿರುವ ರಾವಣನಿಗೆ ಧರ್ಮವನ್ನು ಬೋಧಿಸುತ್ತದೆ. ಮುಂದೊಂದು ಕಾಲದಲ್ಲಿ ರಾವಣನ ಜೀವವು ತೀರ್ಥಂಕರನಾಗುವುದು, ಸೀತೆಯ ಜೀವವು ಅವನ ಗಣಧರನಾಗುವುದು ಎಂದು ಪುರಾಣವು ಹೇಳುತ್ತದೆ. ಅಪಹರಿಸಿದವನು ಮತ್ತು ಅಪಹೃತಳಾದವಳು ಒಂದೇ ಸಮವಸರಣದಲ್ಲಿ! ಕೆಟ್ಟವನು ಸತ್ತ ಕೂಡಲೇ ಕಥೆ ಮುಗಿಯಿತೆನ್ನುವವರು ಈ ದೃಶ್ಯವನ್ನು ಎಂದಿಗೂ ಕಾಣಲಾರರು.

ಹಾಗಾದರೆ ಉದ್ಧಾರವೇ ಆಗದ ಜೀವ ಯಾವುದೂ ಇಲ್ಲವೇ? ಜಿನಾಗಮವು ಇಲ್ಲಿ ಸಿಹಿಮಾತಿನಿಂದ ಸಮಾಧಾನ ಮಾಡುವುದಿಲ್ಲ. ಅಭವ್ಯರೆಂಬ ಜೀವಗಳಿವೆ, ಅವಕ್ಕೆ ಮೋಕ್ಷವಿಲ್ಲ. ಎಷ್ಟು ಬೇಯಿಸಿದರೂ ಬೇಯದ ಹೆಸರುಕಾಳು, ಎಷ್ಟು ಕರಗಿಸಿದರೂ ಚಿನ್ನ ಬಿಡದ ಅಂಧಪಾಷಾಣ ಅದಕ್ಕೆ ದೃಷ್ಟಾಂತ. ಆದರೆ ಅಭವ್ಯನ ಗುರುತೇನು? ಇಲ್ಲಿಯೇ ನಾವು ಬೆಚ್ಚಿಬೀಳಬೇಕು. ಅವನ ಗುರುತು ಕ್ರೌರ್ಯವಲ್ಲ. ಕುಂದಕುಂದಾಚಾರ್ಯರ ಸಮಯಸಾರವು ಹೇಳುವಂತೆ ಅಭವ್ಯನೂ ವ್ರತ, ಸಮಿತಿ, ಗುಪ್ತಿಗಳನ್ನು ಪಾಲಿಸಬಹುದು, ಶಾಸ್ತ್ರವನ್ನು ಓದಬಹುದು. ಆ ಪುಣ್ಯದಿಂದ ಅವನು ನವಗ್ರೈವೇಯಕದವರೆಗೂ ಏರಬಹುದೆಂದು ಸಿದ್ಧಾಂತಿಗಳು ಹೇಳುತ್ತಾರೆ. ಅವನಲ್ಲಿ ಇಲ್ಲದ್ದು ಒಂದೇ: ಧರ್ಮವನ್ನು ಕರ್ಮಕ್ಷಯಕ್ಕಾಗಿ ನಂಬುವ ಆಂತರಿಕ ಶ್ರದ್ಧೆ. ಅವನು ನಂಬುವುದು ಭೋಗದ ಫಲಕ್ಕಾಗಿ.

ಹತ್ತು ಭವಗಳ ಕೊಲೆಗಾರ ಕಮಠನು ಭವ್ಯ. ನಿತ್ಯ ಅಭಿಷೇಕ ಮಾಡುವ ಸಜ್ಜನನೊಬ್ಬನು ಅಭವ್ಯನಾಗಿರಬಹುದು! ದುಷ್ಟತನ ಬೇರೆ, ಉದ್ಧಾರವಿಲ್ಲದಿರುವಿಕೆ ಬೇರೆ. ಎರಡನ್ನೂ ಒಂದೇ ಎಂದು ಭಾವಿಸುವುದು ನಮ್ಮ ಕಥೆಗಳ ತಪ್ಪು. ಯಾರು ಭವ್ಯ, ಯಾರು ಅಭವ್ಯ ಎಂಬುದನ್ನು ಬಲ್ಲವನು ಕೇವಲಿಯೊಬ್ಬನೇ. ಜಂಬೂಸ್ವಾಮಿಗಳ ನಂತರ ಈ ಭರತಕ್ಷೇತ್ರದಲ್ಲಿ ಕೇವಲಿಗಳಿಲ್ಲವೆಂಬುದು ನಮ್ಮ ಪರಂಪರೆಯ ನಂಬಿಕೆ. ಅಂದಮೇಲೆ ‘ಇವನು ತಿದ್ದಲಾಗದವನು’ ಎಂದು ತೀರ್ಪು ಕೊಡುವ ಅಧಿಕಾರ ಇಂದು ಭೂಮಿಯ ಮೇಲೆ ಯಾರಿಗೂ ಇಲ್ಲ. ಆ ಪ್ರಶ್ನೆಯನ್ನು ಕೇಳಿಕೊಳ್ಳಬಹುದಾದದ್ದು ತನ್ನನ್ನು ಕುರಿತು ಮಾತ್ರ: ‘ನನ್ನ ಪೂಜೆ, ನನ್ನ ಉಪವಾಸ ಯಾವುದಕ್ಕಾಗಿ?’

ಇದರ ಅರ್ಥ ಅನ್ಯಾಯವನ್ನು ಸಹಿಸಿ ಸುಮ್ಮನಿರಬೇಕೆಂದಲ್ಲ. ಅರವಿಂದ ರಾಜನು ಕಮಠನನ್ನು ದಂಡಿಸಿದ್ದು ಸರಿಯೇ. ಉಪಸರ್ಗದ ವೇಳೆ ಧರಣೇಂದ್ರನು ಹೆಡೆ ಬಿಚ್ಚಿ ಅಡ್ಡ ನಿಂತನು, ಪದ್ಮಾವತಿಯು ಕೊಡೆ ಹಿಡಿದಳು. ಪುರಾಣವು ಅವರನ್ನು ಕೊಂಡಾಡಿತೇ ಹೊರತು ಆಕ್ಷೇಪಿಸಲಿಲ್ಲ. ಗೃಹಸ್ಥನಿಗೆ ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವ ಹೊಣೆಯಿದೆ. ಮೋಸ ಮಾಡಿದವನ ಮೇಲೆ ದಾವೆ ಹೂಡಬಹುದು, ಹಿಂಸಿಸುವವನಿಂದ ದೂರವಿರಬಹುದು. ಆದರೆ ದಂಡನೆ ಕೃತ್ಯಕ್ಕೆ. ಜೀವದ ಮೇಲೆ ಮುದ್ರೆ ಒತ್ತುವುದಕ್ಕಲ್ಲ. ನಮ್ಮ ನ್ಯಾಯಾಂಗವೂ ಈ ಎಚ್ಚರವನ್ನು ಇಟ್ಟುಕೊಂಡಿದೆ. 1980ರ ಬಚನ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮರಣದಂಡನೆಯನ್ನು ಅಪರೂಪದಲ್ಲಿ ಅಪರೂಪದ ಸಂದರ್ಭಗಳಿಗೆ ಸೀಮಿತಗೊಳಿಸಿತು. ಅಪರಾಧಿಯು ಸುಧಾರಿಸುವ ಸಾಧ್ಯತೆಯನ್ನು ಪರಿಗಣಿಸಬೇಕೆಂದೂ, ಅಂಥ ಸಾಧ್ಯತೆ ಇಲ್ಲವೆಂಬುದನ್ನು ಸರ್ಕಾರವೇ ಸಾಕ್ಷ್ಯದಿಂದ ತೋರಿಸಬೇಕೆಂದೂ ಸೂಚಿಸಿತು. ಕೊಲೆಗಾರನಿಗೆ ನ್ಯಾಯಪೀಠವು ಕೊಡುವ ಇಷ್ಟು ಅವಕಾಶವನ್ನು ಒಡಹುಟ್ಟಿದವನಿಗೆ ಮನೆಯ ಪಡಸಾಲೆಯು ಕೊಡಬಾರದೇ?

ಇನ್ನೊಂದು ಸೂಕ್ಷ್ಮವಿದೆ. ತಮ್ಮನನ್ನು ಕಮಠನೆಂದು ಕರೆದವರು ತಮ್ಮನ್ನು ಮರುಭೂತಿಯ ಸ್ಥಾನದಲ್ಲಿ ಇಟ್ಟುಕೊಂಡಂತಾಯಿತು. ಆ ಸ್ಥಾನದ ಬೆಲೆಯೇನು? ಮರುಭೂತಿಯು ತಾನು ತಪ್ಪು ಮಾಡದಿದ್ದರೂ ಕ್ಷಮೆ ಕೇಳಲು ಹೋದವನು. ಹತ್ತು ಭವಗಳಲ್ಲಿ ಎದುರಾಳಿಯ ಕಥೆ ಮುಗಿಯಿತೆಂದು ಬಗೆಯದವನು. ಉಪಸರ್ಗದ ಏಳು ದಿನಗಳಲ್ಲಿ ಕಾಪಾಡಿದ ಧರಣೇಂದ್ರನ ಮೇಲೆ ರಾಗವನ್ನೂ ಕಲ್ಲೆಸೆದ ಕಮಠನ ಮೇಲೆ ದ್ವೇಷವನ್ನೂ ತಾಳದವನು. ಕಮಠನ ಕಲ್ಲಿನ ಗೆರೆಯನ್ನು ಅಳಿಸಿದ್ದು ಆ ಸಮಭಾವ. ನರಕಗಳ ಶಿಕ್ಷೆಯಿಂದ ಆಗದ ಕೆಲಸವು ದ್ವೇಷವಿಲ್ಲದ ಒಂದು ಸಾನ್ನಿಧ್ಯದಲ್ಲಿ ಆಯಿತು.

ಕ್ಷಮಾವಣಿಯ ಅರ್ಥ ಇದೇ. ಪ್ರೀತಿಪಾತ್ರರಿಗೆ ಕರೆ ಮಾಡಿ ಕ್ಷಮೆ ಕೋರುವುದು ಸೌಜನ್ಯ. ದಾಟಿಹೋದ ಹೆಸರಿಗೆ ಮರಳಿ ಬರುವುದು ಉತ್ತಮ ಕ್ಷಮೆ. ಕರೆಗೆ ಆ ಕಡೆಯಿಂದ ಉತ್ತರ ಬಂದೀತು, ಬಾರದೆಯೂ ಇದ್ದೀತು. ಮರುಭೂತಿಗೆ ಉತ್ತರ ಬಂದದ್ದು ಹತ್ತನೆಯ ಭವದಲ್ಲಿ. ಕರೆ ಮಾಡಿದವನ ಎದೆಯ ಗೆರೆಯಾದರೂ ಆ ದಿನವೇ ಕಲ್ಲಿನಿಂದ ನೆಲಕ್ಕೆ, ನೆಲದಿಂದ ಧೂಳಿಗೆ ಇಳಿಯಲು ತೊಡಗುತ್ತದೆ. ಪುಸ್ತಕವನ್ನು ಹಿಡಿದು ಕುಳಿತ ಮಗು ಗುರುತು ಹಾಕಲು ಕಾದಿದೆ.